ಮುಖ ಮುಚ್ಚಿ ನೋಡುವವಳು

ಹಳೆಯ ಗುಹೆಗಳ ಭಿತ್ತಿಚಿತ್ರಗಳು ಗಾರೆಯ ಜೊತೆ ಉದುರಿಹೋಗುವ ಮೊದಲು ಅವನ್ನು ಗೆರೆ ತಪ್ಪದೆ ಕಾಗದಕ್ಕೆ ಇಳಿಸುವುದು ಅವಳ ಕೆಲಸ. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ, ಕಾಲು ಅಲುಗಾಡುವ ಸ್ಟೂಲಿನ ಮೇಲೆ, ಗೋಡೆಯ ದೊಡ್ಡ ಫೋಟೋ ಎದುರಿಗಿಟ್ಟುಕೊಂಡು ಕೂರುತ್ತಾಳೆ. ಕೂತೊಡನೆ ಚಿತ್ರದ ಮುಖದ ಮೇಲೆ ಒಂದು ಕಾಗದದ ಚೂರು ಮುಚ್ಚುತ್ತಾಳೆ. ಮೈಯೆಲ್ಲ ಬರೆದಾದ ಮೇಲೆಯೇ ಅದು ಏಳುವುದು. ಜೊತೆಯವರು ಸುಮ್ಮನಿರುತ್ತಾರೆಯೇ? 'ಮುಖಮುಚ್ಚಿ' ಎಂದು ಹೆಸರಿಟ್ಟರು, ಅದೇ ಉಳಿಯಿತು.

ಅವಳ ಲೆಕ್ಕ ಸರಳ. ಆ ಚಿತ್ರಗಾರರು ರಾಜನಿಗೂ ದಾಸಿಗೂ ಹೆಚ್ಚುಕಡಿಮೆ ಒಂದೇ ಮುಖ ಬರೆದಿದ್ದಾರೆ. ಅಳು, ಭಯ, ಆಸೆಗಳನ್ನೆಲ್ಲ ಕುತ್ತಿಗೆಗೆ, ಸೊಂಟಕ್ಕೆ, ಬೆರಳಿಗೆ ಹಂಚಿದ್ದಾರೆ. ಕೆಟ್ಟ ಸುದ್ದಿ ಕೇಳಿದ ದಾಸಿಯ ಮುಖ ಶಾಂತವಾಗಿಯೇ ಇದೆ. ಕೈಯಲ್ಲಿನ ಚಾಮರ ಮಾತ್ರ ಜೋತುಬಿದ್ದಿದೆ. ಲೋಕ ಮುಖ ನೋಡಿ ಮಣೆ ಹಾಕುತ್ತದೆ, ಇವಳು ಬೆರಳು ನೋಡಿ.

ಇಂಥವಳು ಮನೆಯಲ್ಲಿ ಮೋಸಹೋದಳು. ಅಪ್ಪ ಬಡಗಿ. ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು, ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡು ಸದಾ ನಗುವ ಹಾಗೆ ನಿಂತುಬಿಟ್ಟಿತ್ತು. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ತಲೆ ಆಡಿಸುತ್ತಿದ್ದರು. ಆಸ್ಪತ್ರೆಯಿಂದ ಅವರನ್ನು ತನ್ನ ಮನೆಗೆ ಕರೆತಂದವಳು ಅವಳೇ. ಮೀಯಿಸಿದಳು, ಉಣಿಸಿದಳು, ಕಿಟಕಿಯ ಪಕ್ಕ ಹಾಸಿಗೆ ಹಾಕಿದಳು. ಅಪ್ಪ ನಗುತ್ತಿದ್ದರು. ಕೆಲಸದಲ್ಲಿ ಒಂದು ಮುಖವನ್ನೂ ನಂಬದವಳು ಇದೊಂದನ್ನು ನಂಬಿದಳು.

ಅಣ್ಣ ಅಪ್ಪನ ಮರಗೆಲಸದ ಅಂಗಡಿಯನ್ನೇ ನಡೆಸಿಕೊಂಡು ಅದರ ಮೇಲಿನ ಮಹಡಿಯಲ್ಲಿದ್ದ. ಒಂದು ಭಾನುವಾರ ಹೆಂಡತಿಯೊಡನೆ ಬಂದ.

"ಅಪ್ಪನ್ನ ಕರ್ಕೊಂಡು ಹೋಗ್ತೀನಿ. ಕೆಳಗಿನ ಕೋಣೆ ಖಾಲಿ ಮಾಡಿಸಿದ್ದೀನಿ."

"ಆ ಗರಗಸದ ಸದ್ದಲ್ಲಿ ನಿದ್ದೆ ಹೇಗೆ ಬರುತ್ತೆ? ಇಲ್ಲೇ ಸುಖವಾಗಿದ್ದಾರೆ. ಮುಖ ನೋಡು."

"ನನ್ನ ಮಾತಿಗೂ ನಗ್ತಾ ಇದ್ದಾರಲ್ಲ, ನೀನೂ ನೋಡು."

ಇಬ್ಬರೂ ನೋಡಿದರು. ನಗು ಇಬ್ಬರಿಗೂ ಸಮನಾಗಿತ್ತು. ಅವಳಿಗೆ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಅಪ್ಪನಿಲ್ಲದ ಮನೆ ಅವಳಿಗೆ ಬೇಡವಾಗಿತ್ತು. ವಾದ ಗೆಲ್ಲಬೇಕೆಂದೇ ಅವಳು ಬಾಗಿಲ ಬಳಿ ನಿಂತು, ಒಂದು ಕಣ್ಣು ಮುಚ್ಚಿ, ಅಂಗೈ ಎತ್ತಿ ಅಪ್ಪನ ಮುಖ ಕಾಣದಂತೆ ಮರೆಮಾಡಿದಳು.

"ಅಪ್ಪಾ, ಇಲ್ಲೇ ಇರ್ತೀರಾ?" ಎಂದಳು.

ಅಪ್ಪನ ಸರಿಯಿದ್ದ ಕೈ ಹೊದಿಕೆಯ ಅಂಚನ್ನು ಮುದ್ದೆ ಮಾಡಿ ಹಿಡಿಯಿತು. ಕಾಲಬೆರಳುಗಳು ಒಳಕ್ಕೆ ಮಡಚಿಕೊಂಡವು.

"ನೀನು ಕೇಳು," ಎಂದಳು ಅಣ್ಣನಿಗೆ.

"ಅಂಗಡಿಗೆ ಹೋಗೋಣ್ವಾ ಅಪ್ಪಾ?"

ಮುಷ್ಟಿ ಬಿಚ್ಚಿತು. ಕೈ ಮೆಲ್ಲಗೆ ಸರಿದು ಹಾಸಿಗೆಯ ಪಕ್ಕ ಕೂತಿದ್ದ ಅಣ್ಣನ ಅಂಗಿಯ ತೋಳು ಮುಟ್ಟಿತು, ಅಲ್ಲಿ ಅಂಟಿದ್ದ ಮರದ ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿತು. ಭುಜ, ಕತ್ತು, ಇಡೀ ಮೈ ಆ ಕಡೆಗೇ ವಾಲಿತ್ತು. ಕಲಿಯುವವರಿಗೆ ತೋರಿಸಬಹುದಾದಷ್ಟು ಸ್ಪಷ್ಟವಾದ ಭಂಗಿ.

ಅಪ್ಪನ ಮೈ ಹೇಳಿದ್ದು ಇನ್ಯಾರಿಗೂ ಅರ್ಥವಾಗಿರಲಿಲ್ಲ. ಸುಮ್ಮನಿದ್ದರೆ ಅಪ್ಪ ಅವಳಲ್ಲೇ ಉಳಿಯುತ್ತಿದ್ದರು. ಆ ಆಸೆಯೂ ಒಂದು ಗಳಿಗೆ ಬಂತು. ಆಮೇಲೆ ಅವಳು ಕೈ ಇಳಿಸಿದಳು.

"ಕರ್ಕೊಂಡು ಹೋಗು."

"ಈಗ ತಾನೇ ಬೇಡ ಅಂದ್ಯಲ್ಲ?"

"ಅಪ್ಪ ಹೂಂ ಅಂದ್ರು."

ಅಣ್ಣ ಅವಳನ್ನು ವಿಚಿತ್ರವಾಗಿ ನೋಡಿದ. ಅವಳು ಬೀರು ತೆರೆದು ಅಪ್ಪನ ಅಂಗಿಗಳನ್ನು ಮಡಚತೊಡಗಿದಳು. ಅತ್ತಿಗೆ ಪಕ್ಕಕ್ಕೆ ಬಂದು ಕೈಜೋಡಿಸಿ, ತಗ್ಗಿದ ದನಿಯಲ್ಲಿ ಕೇಳಿದಳು.

"ಬೇಜಾರಿಲ್ವಾ?"

"ನನಗಿದೆ," ಎಂದಳು ಅವಳು. "ಅವರಿಗಿಲ್ಲ."