ಗಾಳಕ್ಕೆ ಹೊರಟವನನ್ನು ಕೇಳಬಾರದು

ನಿಲ್ಕುಂದದ ಕಡೆಯ ಹುಚ್ಚ ನಾಯ್ಕನಿಗೆ ಹುಚ್ಚೇನೂ ಇರಲಿಲ್ಲ. ಅವನಿಗಿಂತ ಮುಂಚೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು, ಇದಾದರೂ ಸಾವಿನ ಕಣ್ಣಿಗೆ ಬೇಡವಾಗಲಿ ಎಂದು ಅವನ ಅವ್ವ ಆ ಹೆಸರಿಟ್ಟಿದ್ದಳು. ಆದರೆ ಹೊಳೆಯ ವಿಷಯ ಬಂದರೆ ಮಾತ್ರ ಅತ್ತೆ ಸರಿಯಾದ ಹೆಸರನ್ನೇ ಇಟ್ಟಿದ್ದಾಳೆ ಎಂದು ಅವನ ಹೆಂಡತಿ ಮಂಜಿ ಸಾವಿರ ಸಲ ಹೇಳಿದ್ದಾಳೆ. ಬೇರೆಯವರ ಗಂಡಂದಿರು ಗದ್ದೆಯಿಂದ ಬರುವಾಗ ಸೊಪ್ಪು ತರುತ್ತಾರೆ, ಸೌದೆ ತರುತ್ತಾರೆ. ಇವನು ತರುತ್ತಿದ್ದದ್ದು ಜೀವಂತ ಹಾವುಮೀನು.

ಗದ್ದೆಯ ಅಂಚಿನ ಕೆಸರಿನಲ್ಲಿ ಮೊಣಕೈವರೆಗೆ ಕೈಬಿಟ್ಟು ಹಾವುಮೀನು ಹಿಡಿದು ತಂದು ಬಚ್ಚಲ ಮೂಲೆಯ ಮಣ್ಣಿನ ಗಡಿಗೆಯಲ್ಲಿ ಬಿಡುತ್ತಿದ್ದ. ತಂಪಿನಲ್ಲಿದ್ದರೆ ಅವು ಸುಮ್ಮನಿರುತ್ತವಂತೆ. ಒಂದು ದಿನ ಅದರಲ್ಲೊಂದು ಗಡಿಗೆಯಿಂದ ಎದ್ದು ಬಂದು ಮೀಯುತ್ತಿದ್ದ ಮಂಜಿಯ ಕಾಲಿಗೆ ಸುತ್ತಿಕೊಂಡಿತು. ಅವಳು ಕಿರುಚಿದ್ದು ಕೇರಿಗೆಲ್ಲ ಕೇಳಿತು. ಹುಚ್ಚ ಓಡಿ ಬಂದವನು ಹೆಂಡತಿಯನ್ನು ಬಿಟ್ಟು ಮೊದಲು ಹಾವುಮೀನನ್ನು ನೋಡಿದ. "ಪೆಟ್ಟಾತನೇ ಇದ್ಕೆ?" ಎಂದು ಕೇಳಿದ. ಆ ಒಂದು ಮಾತನ್ನು ಮಂಜಿ ಇಪ್ಪತ್ತು ವರ್ಷ ಆಡಿಕೊಂಡು ನಕ್ಕಳು.

ಅವನಿಗೆ ಬೇಕಾಗಿದ್ದದ್ದು ಬಾಳೆಮೀನು. ಮಳೆ ಹಿಂದಾಗಿ ಹೊಳೆ ತಿಳಿಯಾಗುವ ಹೊತ್ತಿಗೆ ಗುಂಡಿಗಳ ತಳದಲ್ಲಿ ಬಿದ್ದುಕೊಂಡಿರುವ, ಬಾಯಿ ತುಂಬ ಹಲ್ಲಿನ ದೊಡ್ಡ ಮೀನು ಅದು. ಎರೆಹುಳ ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಹುಚ್ಚ ಗೋಣಿತುಂಡಿನಲ್ಲಿ ಹಾವುಮೀನನ್ನು ಒತ್ತಿ ಹಿಡಿದು, ತುಟಿಗಷ್ಟೇ ಗಾಳ ಚುಚ್ಚಿ, ಜೀವ ಹೋಗದಂತೆ ನೀರಿಗೆ ಬಿಡುತ್ತಿದ್ದ. ಬಿಟ್ಟ ಮೇಲೆ ಸುಮ್ಮನೆ ಕೂರುವ ಹಾಗಿಲ್ಲ. ಅದು ಕಲ್ಲಿನ ಸಂದಿ ಹೊಕ್ಕರೆ ಮುಗಿಯಿತು. ದಾರವನ್ನು ಬೆರಳಿಗೆ ಸುತ್ತಿಕೊಂಡು ಆಗಾಗ ಮೆಲ್ಲಗೆ ಎಳೆದು ಅದನ್ನು ಈಜಾಡಿಸುತ್ತಲೇ ಇರಬೇಕು. ಮನೆಯಲ್ಲಿ ತೊಟ್ಟಿಲು ತೂಗು ಎಂದರೆ ಕೈ ನೋಯುತ್ತದೆ ಎನ್ನುತ್ತಿದ್ದ ಮಹಾಶಯ ಹೊಳೆದಂಡೆಯಲ್ಲಿ ಇದನ್ನು ಇಡೀ ದಿನ ಮಾಡುತ್ತಿದ್ದ.

ಇಷ್ಟೆಲ್ಲ ಬೈದರೂ ಮಂಜಿ ಒಂದು ಕಟ್ಟಳೆಯನ್ನು ಮಾತ್ರ ಎಂದೂ ಮುರಿದವಳಲ್ಲ. ಗಾಳ ಹಿಡಿದು ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟ ಹಾಗೇ. ಕೇಳಿಸಿಕೊಂಡವನು ಅಲ್ಲಿಂದಲೇ ತಿರುಗಿ ಬಂದು, ಗಾಳವನ್ನು ಸೂರಿನ ಮಾಡಿಗೆ ಸಿಕ್ಕಿಸಿ, ಆ ದಿನವಿಡೀ ಮನೆಯಲ್ಲೇ ಕೂರಬೇಕು. ಮದುವೆಯಾದ ಹೊಸತರಲ್ಲಿ ಅತ್ತೆ ಒಲೆ ತೋರಿಸುವುದಕ್ಕಿಂತ ಮೊದಲು ಹೇಳಿಕೊಟ್ಟ ಪಾಠ ಇದು. ಹುಚ್ಚ ಹೊರಟಾಗ ಮಂಜಿ ಮುಖ ತಿರುಗಿಸಿ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಳು.

ಹೋದ ವರ್ಷ ದೀಪಾವಳಿಗೆ ಮುಂಚೆ ಮಗಳು ಅನುಶ್ರೀ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಬಂದವಳೇ, "ಅಪ್ಪಾ, ಬಾಳೆಮೀನಿನ ಹುಳಿ ತಿನ್ನೂ ಹಂಗಾಗ್ತದೆ" ಎಂದಳು. ಹುಚ್ಚನಿಗೆ ಅಷ್ಟು ಸಾಕಾಗಿತ್ತು. ಮರುದಿನ ಗಂಜಿ ಉಂಡು ಗಡಿಗೆ, ಗಾಳ ಎತ್ತಿಕೊಂಡ. ಅವನು ಎಡಗೈಯಲ್ಲಿ ಬಲಗೈಯನ್ನು ತಿಕ್ಕಿಕೊಳ್ಳುತ್ತಿದ್ದುದನ್ನು ಮಂಜಿ ನೋಡಿದಳು. ಗಂಜಿ ಅರ್ಧ ಬಿಟ್ಟದ್ದನ್ನೂ ನೋಡಿದ್ದಳು. ಹೊಸ್ತಿಲಲ್ಲಿ ಅವನು ಯಾಕೋ ಸ್ವಲ್ಪ ಹೊತ್ತು ನಿಂತ. ಎಲ್ಲಿಗೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಮಗಳ ಬಯಕೆಯ ಮೀನು, ಬಾಯಿ ಹಾಕಿ ಕೆಡಿಸುವುದು ಬೇಡ ಎಂದು ನುಂಗಿಕೊಂಡು ಮುಖ ತಿರುಗಿಸಿ ಅಕ್ಕಿ ಆರಿಸತೊಡಗಿದಳು.

ಮಧ್ಯಾಹ್ನದ ಊಟಕ್ಕೆ ಅವನು ಬರಲಿಲ್ಲ. ಬಿಸಿಲು ಇಳಿಯಲು ಶುರುವಾದಾಗ ಮಂಜಿ ಪಕ್ಕದ ಮನೆಯ ಹೊನ್ನನ ಹತ್ತಿರ ಓಡಿದಳು. ಹೊನ್ನ ಹುಚ್ಚನ ಜೊತೆ ಎಷ್ಟೋ ಸಲ ಗಾಳಕ್ಕೆ ಹೋದವನು.

"ಬಾಳೆಮೀನಿಗಾದ್ರೆ ಕಡವಿನ ಗುಂಡಿಗೇ ಹೋಗಿರ್ತಾನೆ. ನೀ ಹೆದರ್ಬೇಡ ಮಂಜಕ್ಕ" ಎಂದು ಹೇಳಿ ಅವನು ನಾಲ್ಕು ಜನರನ್ನು ಕಟ್ಟಿಕೊಂಡು ಹೋದ. ಕಡವಿನ ಗುಂಡಿ ಕಾಡಿನೊಳಗೆ ಬಹಳ ದೂರ. ಅಲ್ಲಿ ಹುಚ್ಚನಿರಲಿಲ್ಲ. ಅದರಾಚೆಯ ಗುಂಡಿಯಲ್ಲೂ ಇರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಅವರು ಹಿಂದಿರುಗುವ ಹೊತ್ತಿಗೆ ಸಂಜೆಯಾಗಿತ್ತು.

ಹುಚ್ಚ ಸಿಕ್ಕಿದ್ದು ಅವನದೇ ಗದ್ದೆಯ ಕೆಳಗಿನ ಹಳ್ಳದ ದಂಡೆಯಲ್ಲಿ. ಮನೆಯ ಅಂಗಳದಿಂದ ಕೂಗಿದರೆ ಓಗೊಡುವಷ್ಟು ಹತ್ತಿರ. ದೂರ ನಡೆಯಲಾಗದೆ ಅಲ್ಲೇ ಗಾಳ ಹಾಕಿರಬೇಕು. ಮೊಣಕಾಲುದ್ದ ನೀರಿನ ಆ ಹಳ್ಳದಲ್ಲಿ ಬಾಳೆಮೀನು ಎಲ್ಲಿಂದ ಬರಬೇಕು? ಅಲ್ಲಿ ಹುಡುಕಬೇಕೆಂದು ಯಾರಿಗೂ ತೋಚಿರಲಿಲ್ಲ. ಮರಕ್ಕೊರಗಿ ಕೂತಿದ್ದ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ಬಿಟ್ಟೇ ಇದ್ದ. ಇಡೀ ದಿನ ಅವನಿಗೆ ತನ್ನ ಮನೆಯ ಪಾತ್ರೆಯ ಸದ್ದು, ಮಗಳ ಮಾತು ಕೇಳಿಸುತ್ತಲೇ ಇದ್ದಿರಬೇಕು. ಮಂಜಿಗೆ ಇವತ್ತಿಗೂ ಎದೆ ಹಿಂಡುವುದು ಈ ಯೋಚನೆಯೇ.

ಹೊನ್ನನ ಪಿಕಪ್ಪಿನಲ್ಲಿ ಶಿರಸಿಗೆ ಒಯ್ದರು. ಡಾಕ್ಟರು ಲಕ್ವ ಎಂದರು. "ಬೆಳಿಗ್ಗೆನೇ ಕರಕೊಂಡು ಬಂದಿದ್ರೆ ಇಂಜೆಕ್ಷನ್ ಕೊಡಬಹುದಿತ್ತು. ಮಾತು ಉಳೀತಿತ್ತೇನೋ" ಎಂದರು. ಬೇಕೆಂದು ಚುಚ್ಚಿದ್ದಲ್ಲ, ಪಾಪ. ಆದರೂ ಚುಚ್ಚಿತು.

ಈಗ ಹುಚ್ಚ ಜಗುಲಿಯ ಕುರ್ಚಿಯಲ್ಲಿ ಕೂತಿರುತ್ತಾನೆ. ಬಲಗೈ, ಬಲಗಾಲು ಅವನ ಮಾತು ಕೇಳುವುದಿಲ್ಲ. ಮಾತಂತೂ ಇಲ್ಲವೇ ಇಲ್ಲ. ಅನುಶ್ರೀ ಹೆತ್ತು, ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ಹೋಗುವವರೆಗೂ ಅಪ್ಪನೆದುರು ಮೀನಿನ ಸುದ್ದಿ ತೆಗೆಯಲಿಲ್ಲ. ತಾನು ಬಾಯಿಬಿಟ್ಟು ಕೇಳಿದ್ದರಿಂದಲೇ ಹೀಗಾಯಿತೆಂದು ಅವಳು, ತಾನು ಬಾಯಿಮುಚ್ಚಿಕೊಂಡಿದ್ದರಿಂದ ಆಯಿತೆಂದು ತಾಯಿ. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಇಬ್ಬರಿಗೂ ಸ್ವಲ್ಪ ಹಗುರವಾಗುತ್ತಿತ್ತು.

ಈ ಸಲ ಮಳೆ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಹೊನ್ನ ಗಾಳ ಹಿಡಿದು ಅಂಗಳದ ಕೆಳಗೆ ಹಾದುಹೋಗುತ್ತಿದ್ದ. ಮಂಜಿಗೆ ಏನಾಯಿತೋ, ಕೈಯಲ್ಲಿದ್ದ ಕಸಬರಿಗೆ ಎಸೆದು, "ಹೊನ್ನಾ, ಎಲ್ಲಿಗೆ ಹೊಂಟ್ಯಾ?" ಎಂದು ಊರಿಗೆ ಕೇಳುವ ಹಾಗೆ ಕೂಗಿದಳು.

ಹೊನ್ನ ಗಕ್ಕನೆ ನಿಂತ. "ಎಂತ ಮಂಜಕ್ಕ ನೀನು! ಗೊತ್ತಿದ್ದೂ ಕೇಳ್ತ್ಯಲೆ?" ಎಂದು ಗೊಣಗಿ, ಮುಖ ಗಂಟಿಕ್ಕಿಕೊಂಡು ಮನೆಯ ಕಡೆ ತಿರುಗಿದ.

ಮಂಜಿಯ ಬೆನ್ನ ಹಿಂದೆ ಧಡ್ ಎಂದು ಸದ್ದಾಯಿತು. ಹುಚ್ಚ ಎಡಗೈಯಿಂದ ಗೋಡೆಗೆ ಹೊಡೆದಿದ್ದ. ಮುಖ ಕೆಂಪಗಾಗಿ ಹಣೆಯ ನರ ಎದ್ದಿತ್ತು. ಇಷ್ಟೆಲ್ಲ ಆದಮೇಲೂ, ಗಾಳಕ್ಕೆ ಹೊರಟವನನ್ನು ಹೆಂಡತಿ ತಡೆದು ಕೇಳಿದಳೆಂದು ಅವನಿಗೆ ಮೈಯೆಲ್ಲ ಉರಿ. ಗಂಟಲಿನಿಂದ ಗೊರಗೊರ ಸದ್ದು ಹೊರಡಿಸುತ್ತ ಅವಳನ್ನು ದುರುಗುಟ್ಟಿ ನೋಡಿದ.

ಮಂಜಿ ಆ ಸಿಟ್ಟನ್ನು ನೋಡುತ್ತ ನಿಂತಳು. ಅವತ್ತು ಕೇಳಿದ್ದರೂ ಅವನು ಹೀಗೇ ಸಿಡಿಮಿಡಿಗೊಂಡು, ಗಾಳವನ್ನು ಮಾಡಿಗೆ ಸಿಕ್ಕಿಸಿ, ಅವಳ ಜೊತೆ ಮಾತು ಬಿಟ್ಟು, ಸಂಜೆವರೆಗೂ ಇದೇ ಜಗುಲಿಯಲ್ಲಿ ಕಣ್ಣೆದುರೇ ಕೂತಿರುತ್ತಿದ್ದ.

"ಬೈಯ್ರಿ, ಬೈಯ್ರಿ" ಎನ್ನುತ್ತ ಅವಳು ಅವನ ಕಾಲಬುಡದಲ್ಲಿ ಕುಸಿದು ಕೂತು ಅತ್ತಳು.