ರೊಟ್ಟಿ ಬಡಿತದ ವ್ಯಾಕರಣ

"ರೇಣವ್ವಗ ಹುಚ್ಚು ಹಿಡದೈತಿ ನೋಡ್ರಿ. ರೊಟ್ಟಿ ಬಡಿಯೂ ಮುಂದೂ ಇಂಗ್ಲಿಷ್ ಮಾತಾಡ್ತಾಳ," ಅಂತ ಟಿಕೋಟಾದ ಆ ಓಣಿಯವರು ನಗುತ್ತಿದ್ದರು. ಎದುರುಮನೆಯ ಸಕ್ರವ್ವನಂತೂ ನಳದ ಹತ್ತಿರ ಎಲ್ಲರಿಗೂ ಕೇಳುವ ಹಾಗೆ ಅಂದೇ ಬಿಡೋಳು: "ಇನ್ನ ಒಂದ ರೊಟ್ಟಿ ಕೇಳಾಕೂ ನಿನಗ ಪ್ಲೀಸ್ ಅನ್ನಬೇಕೇನ ಬೇ?"

ರೇಣವ್ವ ತಾನೂ ನಕ್ಕು ಕೊಡ ಎತ್ತಿಕೊಂಡು ಬರೋಳು. ಒಳಗಿನ ಸಂಕಟ ಅವಳೊಬ್ಬಳಿಗೇ ಗೊತ್ತು. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆ ಮನೆಯಲ್ಲಿ ಅವಳ ಬಾಳು ಎಳೆದದ್ದು ಜೋಳದ ರೊಟ್ಟಿ. ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿದರೆ ವಿಜಯಪುರದ ಗಾಂಧಿ ಚೌಕದ ಹತ್ತಿರದ ಖಾನಾವಳಿಯವರು ಇಳಿಸಿಕೊಳ್ಳುತ್ತಿದ್ದರು. ಈಗ ಅವರು ರೊಟ್ಟಿ ಮಷಿನ್ ತರಿಸುವ ಮಾತಾಡುತ್ತಿದ್ದರು. ಅರಕೇರಿಯ ಅಣ್ಣ ಅಮರಪ್ಪ ಬಂದು ಹೇಳಿ ಹೋಗಿದ್ದ: "ಬ್ಯಾರೆ ಕೆಲಸ ಸಿಕ್ರ ಇಲ್ಲೇ ಇರು ತಂಗಿ. ಇಲ್ಲಾಂದ್ರ ನಮ್ಮ ಮನಿಗೆ ಬಾ. ನಿಮ್ಮ ವೈನಿಗೂ ಕೈಯಾಸರ ಆಗ್ತೈತಿ."

ಅಣ್ಣನ ಹೆಂಡತಿಗೆ ಕೈಯಾಸರ ಆಗೋದು ಅಂದರೇನು, ರೇಣವ್ವನಿಗೆ ತಿಳಿಯದ್ದಲ್ಲ. ಮೂಲೆಯಲ್ಲೊಂದು ಚಾಪೆ, ಎಲ್ಲರದೂ ಆದ ಮೇಲೆ ತನ್ನ ತಾಟು.

ಬಬಲೇಶ್ವರದ ಕಡೆ ಒಂದು ಇಂಗ್ಲಿಷ್ ಶಾಲೆಯಲ್ಲಿ ಸಣ್ಣ ಮಕ್ಕಳ ವರ್ಗಕ್ಕೆ ಸಹಾಯಕಿ ಬೇಕಾಗಿದ್ದಳು. ಇಂಗ್ಲಿಷಿನಲ್ಲಿ ಒಂದು ಸಣ್ಣ ಪರೀಕ್ಷೆ ಕೊಡಬೇಕು, ಅಷ್ಟೇ. ಕನ್ನಡದಲ್ಲಿ ಪಿಯುಸಿ ಮುಗಿಸಿದ್ದ ರೇಣವ್ವ ಪಕ್ಕದ ಮನೆಯ ನೂರಜಹಾನ ಟೀಚರನ್ನು ಕಲಿಸ್ತೀರೇನು ಅಂತ ಕೇಳಿದಳು. ಉರ್ದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಹೆಂಗಸು ಅವಳು.

"ಯಾವಾಗ ಬರ್ತಿ ಕಲಿಯಾಕ?"

"ಒಲಿ ಬಿಟ್ಟು ಎಲ್ಲಿ ಬರ್ಲಿರಿ ಟೀಚರ?"

"ಹಂಗಾರ ನಾನ ಬರ್ತೀನಿ ಬಿಡು. ಬಿಸಿ ರೊಟ್ಟಿನರೆ ಸಿಗ್ತಾವ."

ಒಲೆಯ ಮುಂದೆ ಪಾಠ ಶುರುವಾಯಿತು. ಪುಸ್ತಕ ಹಿಡಿಯೋಣ ಅಂದರೆ ಕೈತುಂಬ ಹಿಟ್ಟು, ಕಣ್ಣು ಹಂಚಿನ ಮೇಲೆ. ಟೀಚರು ಉಪಾಯ ಮಾಡಿದಳು, ನಿಯಮಗಳನ್ನೆಲ್ಲ ಬಡಿತಕ್ಕೆ ಕಟ್ಟಿದಳು. ಕಾಮಾ ಬಂದರೆ ಬೆರಳಲ್ಲಿ ಮೆಲ್ಲಗೆ. ವಾಕ್ಯ ಮುಗಿದರೆ ಅಂಗೈಯಲ್ಲಿ ಜೋರಾಗಿ ಒಂದು. ಪ್ರಶ್ನೆ ಬಂದರೆ ರೊಟ್ಟಿ ಒಂದು ಸುತ್ತು ತಿರುಗಬೇಕು. "ಐ ಗೋ," ಟಪ್. "ಶೀ ಗೋಸ್," ಟಪ್ ಟಪ್. ಊರಿನ ಹೆಸರಿಗೆ, ಮನುಷ್ಯರ ಹೆಸರಿಗೆ ಮೊದಲ ಅಕ್ಷರ ದೊಡ್ಡದು. ಅದಕ್ಕೆ ಕೈ ಎತ್ತಿ ಬಡಿ. ಹೀಗೆ ಬಡಿಯುತ್ತ ಬಡಿಯುತ್ತ ರೇಣವ್ವನಿಗೆ ಎಲ್ಲ ಬಂತು. ಟೀಚರು ಅಡ್ಡಡ್ಡ ಕೇಳಿದರೂ ತಪ್ಪುತ್ತಿರಲಿಲ್ಲ.

ಪರೀಕ್ಷೆಯ ದಿನ ಇದ್ದುದರಲ್ಲಿ ಚಲೋ ಸೀರೆ ಉಟ್ಟು ಬಬಲೇಶ್ವರಕ್ಕೆ ಹೋದಳು. ಹಾಳೆಯಲ್ಲಿ ವಾಕ್ಯಗಳಿದ್ದವು, ಚಿಹ್ನೆಗಳಿರಲಿಲ್ಲ, ಹಾಕಬೇಕಾಗಿತ್ತು. ಮೊದಲನೆಯದನ್ನು ಓದುತ್ತಿದ್ದ ಹಾಗೇ ಅವಳ ಎಡಗೈ ತಾನಾಗಿ ಎದ್ದು ಬೆಂಚಿನ ಮೇಲೆ ಟಪ್ ಅಂತ ಬಿತ್ತು.

"ಏನ್ರೀ ಅದು? ಸಪ್ಪಳ ಮಾಡಬ್ಯಾಡ್ರಿ," ಅಂದಳು ಪರೀಕ್ಷೆ ಕಾಯಲು ನಿಂತಿದ್ದ ಹುಡುಗಿ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ರೇಣವ್ವ ನಾಚಿಕೆಯಿಂದ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಕೈ ನಿಂತಿತು. ಕೈ ನಿಂತದ್ದೇ ತಲೆಯಲ್ಲಿದ್ದದ್ದೆಲ್ಲ ಖಾಲಿ. ಕಾಮಾ ಎಲ್ಲಿ, ಚುಕ್ಕಿ ಎಲ್ಲಿ, ಒಂದೂ ಬರಲೊಲ್ಲದು. ಗಂಟೆ ಹೊಡೆಯುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ಹಾಳೆ ಕೊಟ್ಟು ಎದ್ದುಬಂದಳು.

ಕೆಲಸ ಬೇರೆಯವಳಿಗಾಯಿತು. ಸುದ್ದಿ ಕೇಳಿ ನೂರಜಹಾನ ಟೀಚರು ಬಂದು ಒಲೆಯ ಮುಂದೆ ಕುಸಿದು ಕೂತಳು. "ತಪ್ಪು ನಂದ ಐತಿ ಬೇ. ಒಂದ ದಿನರೆ ನಿನ್ನ ಸುಮ್ಮನ ಕುಂಡ್ರಿಸಿ ಬರಸಬೇಕಿತ್ತು."

"ಸುಮ್ಮನ ಕುಂಡ್ರಾಕ ನನಗ ಯಾವತ್ತ ಹೊತ್ತಿತ್ತರಿ ಟೀಚರ?" ಅಂದಳು ರೇಣವ್ವ. ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಟೀಚರಿಗೆ ತಲೆ ಎತ್ತಲಾಗಲಿಲ್ಲ.

ಮುಂದಿನ ತಿಂಗಳು ಖಾನಾವಳಿಗೆ ಮಷಿನ್ ಬಂತು, ನಾಳೆಯಿಂದ ರೊಟ್ಟಿ ಬೇಡ ಅಂತ ಫೋನೂ ಬಂತು. ಅಮರಪ್ಪ ಟಂಟಂ ಗಾಡಿ ತಂದು ಬಾಗಿಲಿಗೆ ಹಚ್ಚಿದ. ಹಾಸಿಗೆ, ಟ್ರಂಕು, ನಾಲ್ಕು ಪಾತ್ರೆ. ಏರಿಸುವುದಕ್ಕೆ ಎಷ್ಟು ಹೊತ್ತು ಹಿಡಿದೀತು? ರೇಣವ್ವ ಬರಿದಾದ ಮನೆಯ ಕಸ ಗುಡಿಸಿ, ಬಾಗಿಲೆಳೆದು, ಕೀಲಿಯನ್ನು ಮಾಲೀಕನ ಕೈಗೆ ಕೊಟ್ಟಳು.

ಸಕ್ರವ್ವ ಓಡಿಬಂದು ಅವಳ ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚಿದಳು. "ಹೋಗ್ತೀನಿ ಅನಬ್ಯಾಡ, ನಮ್ಮವ್ವಾ. ಬರ್ತೀನಿ ಅನ್ನು."

ರೇಣವ್ವ ಬಾಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಗಾಡಿ ಹತ್ತಿದಳು.