ಹುಸೇನಬಿ ಮುಂದಿದ್ದ ಮೈಕು

ಆ ದಿನ ಹುಸೇನಬಿ ಹಾಡಿದರೋ ಇಲ್ಲವೋ ಎಂದು ಬಹಳ ಕಾಲ ನನಗೆ ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಹಾಡಿದರು ಎಂದು ನನ್ನ ನೆನಪು. ಹಾಡಲೇ ಇಲ್ಲ ಎಂದು ಅವರ ನಾದಿನಿ ಮಾಲನಬಿ ಆಣೆ ಮಾಡುತ್ತಾರೆ. ಮಾಲನಬಿ ಕುಳಿತಿದ್ದದ್ದು ಅವರ ಪಕ್ಕದಲ್ಲೇ. ವಿಶ್ವವಿದ್ಯಾಲಯದಲ್ಲಿ ಜಾನಪದ ಓದುವಾಗ, ಒಬ್ಬರ ನೆನಪನ್ನೇ ನಂಬಿ ಏನನ್ನೂ ಬರೆಯಬಾರದು ಎಂದು ಕಲಿತವನು ನಾನು. ಆ ಪಾಠವನ್ನು ಅಲ್ಲಿಯವರೆಗೆ ಬೇರೆಯವರ ನೆನಪಿಗಷ್ಟೇ ಅನ್ವಯಿಸುತ್ತಿದ್ದೆ.

ಅದು 2023ರ ಜನವರಿ. ಸಿಂಧನೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನನ್ನ ರೆಕಾರ್ಡಿಂಗ್ ಕೋಣೆ ಇತ್ತು. ಭಜನೆ ಪದ, ಪ್ರಚಾರದ ಹಾಡು, ಮದುವೆ ವಿಡಿಯೊಗೆ ಹಿನ್ನೆಲೆ ದನಿ, ಹೀಗೆ ಬಂದದ್ದನ್ನೆಲ್ಲ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಹೊಸ ಸ್ಪೀಕರ್ ಪರೀಕ್ಷಿಸಲು, ಮೆಕ್ಸಿಕೋ ಮತ್ತು ಟೆಕ್ಸಾಸ್ ಗಡಿಯ ಹಳೆಯ ಹಾಡುಗಳನ್ನು ಒಬ್ಬ ಗಾಯಕಿ ಹಾಡಿದ ಆಲ್ಬಂ ಹಚ್ಚಿದ್ದೆ. ಗಿಟಾರು, ಎದೆಗೆ ಕಟ್ಟಿಕೊಂಡು ನುಡಿಸುವ ಅಕಾರ್ಡಿಯನ್, ಅವುಗಳ ನಡುವೆ ಬಾಗದ ಒಂದು ಹೆಣ್ಣು ದನಿ. ಕೆಳಗಿನ ಅಂಗಡಿಗೆ ಬಳೆ ಮಾರಲು ಬಂದಿದ್ದ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅವರೇ ಹುಸೇನಬಿ, ಪಾಮನಕಲ್ಲೂರಿನವರು. ವಯಸ್ಸು ಐವತ್ತು ದಾಟಿತ್ತು.

“ಈಕಿ ಯಾವೂರಾಕಿ, ತಮ್ಮಾ?”

ಹೇಳಿದೆ. ಆ ಸೀಮೆ ಹಿಂದೆ ಒಂದು ದೇಶದ್ದಾಗಿತ್ತು, ಆಮೇಲೆ ಇನ್ನೊಂದರದ್ದಾಯಿತು, ಜನ ಮಾತ್ರ ಇದ್ದಲ್ಲೇ ಇದ್ದರು ಎಂದೆ.

“ಹಂಗಾರ ನಮ್ಮಂಗ,” ಎಂದು ಬಳೆಯ ಗಂಟನ್ನು ಕೆಳಗಿಟ್ಟು ಕುಳಿತರು. “ಆಕಿ ಮಾತು ತಿಳೀವಲ್ದು. ಆದ್ರ ಯಾರೋ ಹೋಗ್ಯಾರಂತ ಹಾಡಾಕತ್ತಾಳ. ನಂದೂ ಇಂಥಾದೊಂದು ಮಾಡಿಕೊಡು.”

ಬಳೆ ತೊಡಿಸುವವರನ್ನು ಎಲ್ಲ ಮನೆಯವರೂ ಒಳಗೆ ಕರೆಯುತ್ತಾರೆ. ಹುಸೇನಬಿ ಹಾಗೆ ಹೋದ ಮನೆಗಳಿಂದ ಹಾಡು ಎತ್ತಿಕೊಂಡು ಬಂದಿದ್ದರು: ತಮ್ಮವರ ಮದುವೆಗಳಿಂದ ದಖನಿ ಹಾಡು, ಕಾಲುವೆ ಬದಿಯಲ್ಲಿ ವಲಸೆ ಬಂದ ರೈತರು ನೆಲೆಸಿದ ಕ್ಯಾಂಪುಗಳಿಂದ ತೆಲುಗಿನ ನಾಟಿ ಹಾಡು. ಕನ್ನಡದ ಮೊಹರಂ ಪದಗಳನ್ನು ಕಲಿತ ಬಗೆ ಬೇರೆ. ಅವರ ಕಡೆ ಮೊಹರಂನ ಶೋಕದ ದಿನಗಳಲ್ಲಿ ಹೆಂಗಸರು ಬಳೆ ತೆಗೆದಿಡುತ್ತಾರೆ, ವ್ಯಾಪಾರ ನಿಲ್ಲುತ್ತದೆ. ಕೈ ಖಾಲಿಯಾದ ಆ ದಿನಗಳಲ್ಲಿ ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುವ ಅಲಾಯಿ ಕುಣಿಯ ಪಕ್ಕ ಕುಳಿತು, ಗಂಡಸರು ಹಾಡುವುದನ್ನು ಕೇಳಿ ಕೇಳಿ ಕಲಿತಿದ್ದರು.

ಹಾಡು ಶುರುವಾಗುವ ಮುಂಚೆ, ಯಾರೂ ಉಸಿರೆತ್ತದೆ, ಖಾಲಿ ಕೋಣೆಯ ಸದ್ದನ್ನು ಸ್ವಲ್ಪ ಹೊತ್ತು ದಾಖಲಿಸುವುದು ನಮ್ಮ ಕಸುಬಿನ ಪದ್ಧತಿ. ಇದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಆಮೇಲೆ ಹಾಡಿನಲ್ಲಿ ಬೇಡದ ಸದ್ದು ಸೇರಿದ್ದರೆ, ಅದನ್ನು ಗುರುತಿಸಿ ಅಳಿಸಲು ಈ ಮಾದರಿ ಬೇಕು. ಎರಡು ಮೈಕು ಇಟ್ಟಿದ್ದೆ. ಒಂದು ಹುಸೇನಬಿಗೆ, ಇನ್ನೊಂದು ಹಿಂದೆ ಸೊಲ್ಲು ಹಿಡಿಯುವ ಮಾಲನಬಿಗೆ. ಬಳೆ ತೆಗೆದಿಡಿ, ಸದ್ದಾಗುತ್ತದೆ ಎಂದೆ. ಮಾಲನಬಿ ತೆಗೆದರು. ಹುಸೇನಬಿ ಒಪ್ಪಲಿಲ್ಲ.

“ನಾನಽ ಬರಿಗೈಲೆ ಕುಂತ್ರ ನನ್ನ ಕೈಲೆ ಬಳಿ ಯಾರು ತೊಟ್ಟಾರು?”

ಕೊನೆಗೆ ಬಳೆಗಳ ಮೇಲೆ ಟವೆಲ್ ಸುತ್ತಿಕೊಂಡು ಹಾಡಿದರು. ಹೆಡ್‌ಫೋನಿನಲ್ಲಿ ಅವರ ದನಿಯ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿತು. ದೂರದಲ್ಲಿ ಯಾರೋ ಒಣ ಜೋಳದ ದಂಟು ತುಳಿದಂತೆ. ರೆಕಾರ್ಡಿಂಗ್ ಮಾಡುವವನು ಮೊದಲು ಅನುಮಾನಿಸುವುದು ಕೇಬಲ್ಲನ್ನು. ಬದಲಿಸಿದೆ. ಮೈಕು ಬದಲಿಸಿದೆ. ಸದ್ದು ಹೋಗಲಿಲ್ಲ. ಭತ್ತ ಬಂದ ಕಾಲ, ಅಕ್ಕಿ ಗಿರಣಿಗಳು ಬಿಡುವಿಲ್ಲದೆ ಓಡುತ್ತಿದ್ದವು. ಅವುಗಳ ನಡುಕವೇ ಇರಬೇಕೆಂದು, ಎಲ್ಲ ಸಾಮಾನು ಕಟ್ಟಿಕೊಂಡು ಪಾಮನಕಲ್ಲೂರಿನ ಅವರ ಮನೆಗೇ ಹೋದೆ. ಸುತ್ತ ಒಣಬೇಸಾಯದ ಹೊಲ, ಹತ್ತಿರದಲ್ಲಿ ಯಾವ ಗಿರಣಿಯೂ ಇಲ್ಲ.

ಸದ್ದು ಅಲ್ಲಿಗೂ ಬಂತು.

ಅಂದು ಅವರು ಎತ್ತಿದ್ದು ಮೊಹರಂ ಪದ. ಮಾಲನಬಿ ಸೊಲ್ಲು ಹಿಡಿಯದೆ ಸುಮ್ಮನೆ ಕುಳಿತರು.

“ಮೊಹರಂ ಇಲ್ದಾಗ ಈ ಪದ ಎತ್ತಬ್ಯಾಡ ಭಾಭಿ. ಕರದಂಗ ಆಗ್ತದ.”

“ಯಾರ್ನ ಕರದಂಗ?”

“ಸಾವನ್ನ.”

“ಬಂದ್ರ ಬರ್ಲಿ ಬಿಡು. ಅದಕ್ಕೂ ಬಳಿ ತೊಡಿಸಿ ಕಳಸ್ತೀನಿ,” ಎಂದು ಹುಸೇನಬಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು.

ನಾನು ಇಂಥದ್ದನ್ನು ನಂಬುವವನಲ್ಲ. ಆದರೂ ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕಿತ್ತು. ಊಟದ ಹೊತ್ತಿಗೆ ಹೊರಗೆ ಬೇವಿನ ಮರದಡಿ ಕುಳಿತು ಎಲ್ಲ ದಾಖಲೆಗಳನ್ನೂ ಒಂದೊಂದಾಗಿ ಕೇಳಿಸಿಕೊಂಡೆ. ಎರಡೂ ಕಡೆಯ ರೂಮ್ ಟೋನ್ ಶುದ್ಧವಾಗಿತ್ತು. ಮಾಲನಬಿ ಒಬ್ಬರೇ ಹಾಡಿದ ಕಡೆ ಆ ಸದ್ದಿಲ್ಲ. ಮದುವೆ ಹಾಡಿನಲ್ಲೂ ಇದೆ, ನಾಟಿ ಹಾಡಿನಲ್ಲೂ ಇದೆ. ಹುಸೇನಬಿ ಉಸಿರೆಳೆದುಕೊಂಡಾಗ ನಿಲ್ಲುತ್ತದೆ, ದನಿ ಎತ್ತಿದಾಗ ಜೊತೆಗೇ ಏಳುತ್ತದೆ.

ಒಳಗೆ ಹೋಗಿ ಮೆಲ್ಲಗೆ ಕೇಳಿದೆ: “ಆಪಾ, ಗಂಟಲಾಗ ಏನರ ತ್ರಾಸ ಅದ ಏನು?”

ಅವರು ನನ್ನನ್ನು ನೋಡಲಿಲ್ಲ, ಮೈಕನ್ನು ನೋಡಿದರು. “ನಿನ್ನ ಮಿಷನ್ನು ಚಾಡಿ ಹೇಳ್ತೇನು? ಹ್ವಾದ ಮೊಹರಂದಿಂದ ಅದ. ಉಗುಳು ನುಂಗಿದ್ರ ಬಳಿ ಚೂರು ಸಿಕ್ಕಂಗ ಆಗ್ತದ. ಮಾಲನಬಿಗೆ ಹೇಳಬ್ಯಾಡ. ಇದೊಂದು ಮುಗೀಲಿ.”

“ಏನ್ ಹೇಳಬ್ಯಾಡ?” ಎಂದರು ಮಾಲನಬಿ, ಅಡುಗೆ ಮನೆಯ ಬಾಗಿಲಿನಿಂದ.

ಮರುದಿನ ಮೂವರೂ ಲಿಂಗಸುಗೂರಿನ ಗಂಟಲು ವೈದ್ಯರ ಹತ್ತಿರ ಹೋದೆವು. ಅವರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ತೋರಿಸಿದರು. ದನಿ ಹುಟ್ಟುವ ಎರಡು ಪಟ್ಟಿಗಳಲ್ಲಿ ಒಂದರ ಮೇಲೆ ಬಿಳಿಚಿಕೊಂಡ ಗಡ್ಡೆ, ಅದರ ಅಂಚಿನಲ್ಲಿ ರಕ್ತ. ಊತ ಹೆಚ್ಚಾದರೆ ಉಸಿರಿನ ದಾರಿಯೇ ಕಟ್ಟಬಹುದು ಎಂದರು.

“ತಡಾ ಮಾಡದ ಹೈದರಾಬಾದಿಗೆ ಹೋಗ್ರೀ ಅಮ್ಮಾ. ಅಲ್ಲೀತನ ಮಾತಾಡಬ್ಯಾಡ್ರಿ. ಹಾಡೋದಂತೂ ಬ್ಯಾಡೇ ಬ್ಯಾಡ.”

ಉಳಿದಿದ್ದದ್ದು ಒಂದೇ ಪದ, ಮೊಹರಂನ ಕಡೆಯ ದಿನ ಪಂಜಾ ರೂಪದ ದೇವರನ್ನು ದಫನ್ ಮಾಡಿ, ಅಂದರೆ ಹೂತು, ಕಳಿಸುವಾಗ ಹಾಡುವುದು. ಅದನ್ನು ಬಿಟ್ಟುಬಿಡೋಣ ಎಂದು ಬಸ್ಸಿನಲ್ಲೇ ಹೇಳಿದೆ. ಹುಸೇನಬಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಮಸ್ಕಿಯ ಬೆಟ್ಟ ಕಂಡು ಹಿಂದೆ ಸರಿಯಿತು. ಆಮೇಲೆ ಮಾತಾಡಿದವರು ಮಾಲನಬಿ.

“ಇವತ್ತಽ ಮೈಕು ಇಡ್ರಿ. ನಾ ಹಾಡ್ತೀನಿ.”

“ನೀವಽ ಬ್ಯಾಡ ಅಂದಿದ್ರಲ್ಲ?”

“ಕರಿಯೋದು ಕರದಾಗ್ಯಾದ. ಈಗ ಅರ್ಧಕ್ಕ ಬಿಟ್ರ ಅದು ಬಾಗಲದಾಗಽ ನಿಲ್ತದ. ಕಳಿಸಿಬಿಡಬೇಕು.”

ಮನೆ ಮುಟ್ಟಿದ ಮೇಲೆ ಮಾಲನಬಿಯ ಮೈಕು ಸರಿಪಡಿಸಿದೆ.

ಮಧ್ಯಾಹ್ನ ಕೋಳಿಗಳನ್ನು ಅಟ್ಟಿ, ಫ್ಯಾನು ಆರಿಸಿ, ಬಾಗಿಲು ಹಾಕಿಕೊಂಡೆವು. ಹುಸೇನಬಿ ಮುಂದಿದ್ದ ಮೈಕನ್ನು ತೆಗೆಯಲು ಹೋದರೆ ಅವರು ನನ್ನ ಕೈ ಮೇಲೆ ಮೆಲ್ಲಗೆ ಬಡಿದರು. ಇರಲಿ ಎಂದು ಬಿಟ್ಟೆ. ನಂತರ ಅವರು, ಯಾರೂ ಹೇಳದಿದ್ದರೂ, ಎರಡೂ ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮಾಲನಬಿ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡು ಹಾಡಲು ಶುರು ಮಾಡಿದರು.

ಮಾಲನಬಿಯ ದನಿ ಸಾಧಾರಣ. ಕೆಲವು ಕಡೆ ತಡವರಿಸಿತು. ಆಗೆಲ್ಲ ಹುಸೇನಬಿ ತೊಡೆ ತಟ್ಟಿ ದಾರಿಗೆ ತಂದರು. ಕೊನೆಯ ಸಾಲಿನಲ್ಲಿ, ಹೋಗಿ ಬಾ ಎಂದು ಎತ್ತರಕ್ಕೆ ಹೋಗಿ ಇಳಿಯುವ ಕಡೆ, ನನ್ನ ಕಿವಿಗೆ ಎರಡು ದನಿ ಬಿದ್ದವು. ತಟ್ಟನೆ ತಲೆ ಎತ್ತಿದೆ. ಹುಸೇನಬಿ ಬಾಯಿಗೆ ಸೆರಗು ಹಿಡಿದಿದ್ದರು. ತುಟಿ ಕಾಣುತ್ತಿರಲಿಲ್ಲ.

“ಆಪಾ, ನೀವು ಹಾಡಿದ್ರೇನು?”

ಅವರು ಗೋಡೆ ನೋಡಿದರು. ಮಾಲನಬಿಯೇ ರೇಗಿದರು: “ಏನ್ ಕೇಳ್ತೀರಿ? ಡಾಕ್ಟರ್ ಅಷ್ಟು ಹೇಳ್ಯಾರ. ಖುದಾ ಕಸಂ, ಆಕಿ ತುಟಿ ಪಿಟ್ಟಂದಿಲ್ಲ.”

ಹೈದರಾಬಾದಿನಲ್ಲಿ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು. ಈಗ ಅವರು ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ. ಬಳೆ ವ್ಯಾಪಾರ ಬಿಟ್ಟಿಲ್ಲ. ಬಾಗಿಲಲ್ಲಿ ನಿಂತು ಕೂಗುವ ಬದಲು ಬಳೆಯ ಸರ ಅಲ್ಲಾಡಿಸುತ್ತಾರೆ. ಆಲ್ಬಂ ಹೊರಗೆ ಬಂತು, ಕೊನೆಯ ಪದಕ್ಕೆ ಮಾಲನಬಿಯ ಮೈಕಿನ ದಾಖಲೆಯನ್ನಷ್ಟೇ ಬಳಸಿದೆ. ಹುಸೇನಬಿಯ ಹಾಡುಗಳಲ್ಲಿದ್ದ ಆ ಸದ್ದನ್ನು ನಾನು ಅಳಿಸಲಿಲ್ಲ. ದಾಖಲೆಯಲ್ಲಿ ಬೇಡದ ಸದ್ದು ಕಂಡರೆ ತೆಗೆಯುವುದು ನನ್ನ ಕೆಲಸ. ತೆಗೆಯುವ ಮುನ್ನ ಅದು ಯಾರದ್ದು ಎಂದು ಕೇಳಬೇಕು ಎನ್ನುವುದನ್ನು ಈ ಆಲ್ಬಂ ಕಲಿಸಿತು.

ಹುಸೇನಬಿ ಮುಂದಿದ್ದ ಮೈಕಿನ ಟ್ರ್ಯಾಕನ್ನು ಮಾತ್ರ ಬಹಳ ಕಾಲ ತೆರೆಯಲಿಲ್ಲ. ಅದರಲ್ಲಿ ಏನೂ ಇರದಿದ್ದರೆ, ನನ್ನ ಕಿವಿಗೆ ಬಿದ್ದದ್ದು ನನ್ನ ಆಸೆಯಷ್ಟೇ ಎಂದು ಒಪ್ಪಬೇಕಾಗುತ್ತಿತ್ತು. ಇದ್ದರೆ, ಆ ಗಂಟಲಿಗೆ ಆ ದಿನ ಏನು ಬೇಕಾದರೂ ಆಗಬಹುದಿತ್ತು ಎಂಬುದನ್ನು. ಇತ್ತೀಚೆಗೆ ಹಳೆಯ ಹಾರ್ಡ್ ಡಿಸ್ಕ್ ಬದಲಿಸುವಾಗ ತೆರೆದು ಕೂತೆ. ಪಕ್ಕದವರ ದನಿ ಈ ಮೈಕಿಗೂ ಬಂದಿರುತ್ತದೆ. ಆದ್ದರಿಂದ ಅಲ್ಲಿ ದನಿ ಇದೆ ಎಂಬುದಷ್ಟೇ ಏನನ್ನೂ ಸಾಬೀತು ಮಾಡದು. ಪದದುದ್ದಕ್ಕೂ ಮಾಲನಬಿಯ ದನಿ ದೂರದಿಂದ ಕೇಳುತ್ತದೆ, ಶುದ್ಧವಾಗಿ. ತೊಡೆ ತಟ್ಟಿದ್ದು ಕೇಳುತ್ತದೆ. ಕೊನೆಯ ಸಾಲಿಗೆ ಮುಂಚೆ ಯಾರೋ ಹತ್ತಿರದಲ್ಲೇ ಉಸಿರೆಳೆದುಕೊಳ್ಳುತ್ತಾರೆ.

ಆಮೇಲೆ, ಆ ಒಂದು ಸಾಲಿನ ಅಡಿಯಲ್ಲಿ ಮಾತ್ರ, ಒಣ ದಂಟು ತುಳಿದ ಸದ್ದು ಇದೆ.